ಕಟ್ಟೆಯ ಮೇಲಿನ ಮೆಣಸಿನಕಾಯಿ ಮತ್ತು ನಾವು ಆರಿಸಿದ ಭಾಷೆ

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆಯ ಮಾಳಿಗೆಯ ಮೇಲೆ ಬಾಡಿಗೆಗಿರುವ ಹುಡುಗರು ಇಂಜಿನಿಯರಿಂಗ್ ಮುಗಿಸುವವರು. ನಾನು ಹಾಲು ತರಲು ಇಳಿದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಮೇಡಂ, ಈಗ ಯಾವ ಭಾಷಾ ಕಲೀಬೇಕ್ರಿ?" ಅವರು ಕೇಳುವುದು ಪ್ರೋಗ್ರಾಮ್ ಬರೆಯುವ ಭಾಷೆಯ ಬಗ್ಗೆ. ಮೊದಮೊದಲು ಬಾಯಿಗೆ ಬಂದ ಒಂದು ಹೆಸರು ಹೇಳಿ ಕಳಿಸುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಬೆಳಗ್ಗೆ ಹಾಲಿನ ಪಾತ್ರೆ ಹಿಡಿದು ನಿಂತು ಹೇಳುವ ಉತ್ತರ ಅದಲ್ಲ. ಹಾಗಾಗಿ ಕೂತು ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡಿದ್ದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಔಷಧದಂಗಡಿಯ ಮೇಲಿದ್ದ, ಪ್ರೋಗ್ರಾಮ್ ಬರೆದುಕೊಡುವ ಒಂದು ಸಣ್ಣ ಕಂಪನಿಯಲ್ಲಿ. ನಿವೃತ್ತಿಯಾಗುವವರೆಗೂ ದಿನಾ ಧಾರವಾಡದಿಂದ ಬಸ್ಸಿನಲ್ಲಿ ಹೋಗಿ ಬಂದೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬಿಟ್ಟುಬಿಡುತ್ತೇನೆ; ಹುದ್ದೆಯ ಹೆಸರು ಬದಲಾದಾಗಲೂ ಕುರ್ಚಿ ಅದೇ ಇತ್ತು, ಅದರ ಕಿರುಗುಟ್ಟುವ ಸದ್ದೂ ಅದೇ ಇತ್ತು. ಮಾಲೀಕರು ದೇಸಾಯಿ ಸರ್. ಒಳ್ಳೆಯ ಮನುಷ್ಯ, ಆದರೆ ಅವಸರದ ಮನುಷ್ಯ. ಗಿರಾಕಿ ಮೆಟ್ಟಿಲು ಹತ್ತುವಾಗಲೇ "ಆಗತದರಿ, ಮಾಡಿ ಕೊಡತೇವಿ" ಎಂದು ಒಪ್ಪಿಕೊಂಡಿರುತ್ತಿದ್ದರು. ಏನು ಮಾಡಿ ಕೊಡುವುದು ಎಂದು ನಾವು ಆಮೇಲೆ ಕೇಳಿ ತಿಳಿದುಕೊಳ್ಳಬೇಕಿತ್ತು.

ಮುಖ್ಯ ಸಂಗತಿಗೆ ಬರುವ ಮೊದಲು ಒಂದು ಹಳೆಯ ಪೆಟ್ಟಿನ ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಒಬ್ಬ ಬುದ್ಧಿವಂತನಿದ್ದ. ಒಂದು ನರ್ಸಿಂಗ್ ಹೋಮಿನ ಔಷಧ ದಾಸ್ತಾನಿನ ಕೆಲಸವನ್ನು ಅವನು ಯಾರೂ ಕೇಳರಿಯದ ಭಾಷೆಯೊಂದರಲ್ಲಿ ಬರೆದ. ಪ್ರೋಗ್ರಾಮ್ ಚೆನ್ನಾಗಿಯೇ ಓಡಿತು. ಆಮೇಲೆ ಅವನು ಬೇರೆ ಕೆಲಸ ಹಿಡಿದು ಹೊರಟುಹೋದ. ಒಂದು ದಿನ ಆ ಪ್ರೋಗ್ರಾಮು ಅವಧಿ ಮೀರಿದ ಔಷಧಗಳನ್ನು ಸರಿಯಾದವೆಂದು ತೋರಿಸತೊಡಗಿತು. ನಾವು ನಾಲ್ಕಾರು ಜನ ಅದರ ಮುಂದೆ ಕೂತೆವು. ಅಕ್ಷರ ಓದಲು ಬರುತ್ತಿತ್ತು, ಅರ್ಥ ಒಂದೂ ಆಗುತ್ತಿರಲಿಲ್ಲ. ಫಾರ್ಮಸಿಯ ಹುಡುಗಿಯರು ಕಪಾಟಿನ ಒಂದೊಂದು ಡಬ್ಬಿಯನ್ನೂ ಕೈಯಲ್ಲಿ ಹಿಡಿದು ತಾರೀಕು ಓದಿ ನೋಡಬೇಕಾಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಅಂದಿನಿಂದ ನಮ್ಮ ಆಫೀಸಿನಲ್ಲಿ ಒಂದು ನಿಯಮವಾಯಿತು: ಎಲ್ಲರಿಗೂ ಬರುವ ಭಾಷೆಯಲ್ಲೇ ಎಲ್ಲ ಕೆಲಸ. ನಮ್ಮಲ್ಲಿ ಎಲ್ಲರಿಗೂ ಬರುತ್ತಿದ್ದದ್ದು ಪಿಎಚ್‌ಪಿ ಎಂಬ ಭಾಷೆ.

ಕೆಟ್ಟ ನಿಯಮವಲ್ಲ. ಈಗಲೂ ಹತ್ತು ಕೆಲಸದಲ್ಲಿ ಒಂಬತ್ತಕ್ಕೆ ಅದನ್ನೇ ಹೇಳುತ್ತೇನೆ. ನಾನು ಹೇಳಹೊರಟಿರುವುದು ಉಳಿದ ಒಂದರ ಕಥೆ.

ಊರ ಹೊರಗೆ ಕೆಲವು ವ್ಯಾಪಾರಸ್ಥರು ಸೇರಿ ಒಣ ಮೆಣಸಿನಕಾಯಿಯ ಒಂದು ಖಾಸಗಿ ಯಾರ್ಡು ತೆರೆದಿದ್ದರು. ರೈತರು ಬೆಳಗ್ಗೆ ಬಂದು ಕಾಯಿಯನ್ನು ರಾಶಿ ಹಾಕುತ್ತಾರೆ. ಪ್ರತಿ ರಾಶಿಗೆ ಒಂದು ನಂಬರು. ಖರೀದಿದಾರರು ರಾಶಿಯಿಂದ ರಾಶಿಗೆ ತಿರುಗಿ, ಕಾಯಿ ಮುರಿದು, ಮೂಸಿ, ಬಣ್ಣ ನೋಡಿ, ತಾವು ಕೊಡುವ ದರವನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುತ್ತಾರೆ. ಮಧ್ಯಾಹ್ನ ಗಂಟೆ ಹೊಡೆದ ಮೇಲೆ ಡಬ್ಬಿ ತೆಗೆದು, ಯಾರದು ಹೆಚ್ಚೋ ಅವರಿಗೆ ಮಾಲು. ಇದಕ್ಕೆ ಟೆಂಡರ್ ಎನ್ನುತ್ತಾರೆ. ಗಂಟೆಯಾಗಿ ಫಲಿತಾಂಶ ಹೇಳುವವರೆಗೆ ರಾಶಿಯನ್ನು ಯಾರೂ ಮುಟ್ಟುವಂತಿಲ್ಲ, ಸರಿಸುವಂತಿಲ್ಲ, ಚೀಲ ತುಂಬುವಂತಿಲ್ಲ. ಮಾಲು ಬದಲಾಯಿತು ಎಂಬ ತಕರಾರು ಬರಬಾರದೆಂದು ಮಾಡಿದ ಕಟ್ಟುನಿಟ್ಟು ಅದು. ಈ ಚೀಟಿಯ ಬದಲು ಎಲ್ಲರೂ ತಮ್ಮ ಫೋನಿನಲ್ಲೇ ದರ ಹಾಕುವಂತೆ ಮಾಡಿಕೊಡಿ ಎಂದು ಯಾರ್ಡಿನವರು ಬಂದರು. ದೇಸಾಯಿ ಸರ್ ಎಂದಿನಂತೆ ಮೆಟ್ಟಿಲ ಮೇಲೆಯೇ ಒಪ್ಪಿಕೊಂಡರು.

ನಮ್ಮಲ್ಲಿ ಆಗ ಶಾಹೀನ್ ಎಂಬ ಇಂಜಿನಿಯರ್ ಇದ್ದಳು. ಹಳೇ ಹುಬ್ಬಳ್ಳಿಯವಳು, ಮಾತು ಕಡಿಮೆ, ಆಡಿದ ಮಾತು ಮಾತ್ರ ಬಿಡುವವಳಲ್ಲ. ಯಾವ ಭಾಷೆ ಎಂಬ ಚರ್ಚೆ ಬಂದಾಗ ಅವಳು ಅರ್ಲ್ಯಾಂಗ್ ಎಂದಳು. ನಾನು ಆ ಹೆಸರು ಕೇಳಿದ್ದೆ ಅಷ್ಟೇ. ಮೂಲದಲ್ಲಿ ಅದು ಟೆಲಿಫೋನ್ ಎಕ್ಸ್‌ಚೇಂಜುಗಳಿಗೆಂದು ಹುಟ್ಟಿದ ಭಾಷೆ. ಸಾವಿರಾರು ಜನ ಒಂದೇ ಕ್ಷಣಕ್ಕೆ ರಿಸೀವರ್ ಎತ್ತಿದರೂ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಓಗೊಡಬೇಕು, ಒಬ್ಬನ ಕರೆ ಕೆಟ್ಟರೆ ಇನ್ನೊಬ್ಬನದು ಕೆಡಬಾರದು, ಇದು ಅದರ ಹುಟ್ಟುಗುಣ.

"ಎಲ್ಲಾರೂ ಒಮ್ಮೆಲೇ ಬಂದ್ರ ನಮ್ಮ ಪಿಎಚ್‌ಪಿ ಪ್ರೋಗ್ರಾಮ್ ತಡ್ಕೊಳ್ಳೂದಿಲ್ರಿ ಸರ್" ಎಂದಳು ಶಾಹೀನ್. "ಒಬ್ಬರು ಬರಿಯೂ ತನಕಾ ಇನ್ನೊಬ್ಬರು ಕಾಯಬೇಕಾಗತೈತಿ."

"ಯಾರರೆ ಒಮ್ಮೆಲೇ ಯಾಕ ಬರತಾರವಾ?" ಎಂದರು ದೇಸಾಯಿ ಸರ್. "ಬೆಳಗಿಂದ ಮಧ್ಯಾಹ್ನದ ತನಕಾ ಹೊತ್ತದ. ಒಬ್ಬೊಬ್ಬರ ಹಾಕ್ತಾರ. ಮತ್ತ ನೀ ನಾಳೆ ಬಿಟ್ಟು ಹೋದಿ ಅಂದ್ರ? ಔಷಧದ ಫಜೀತಿ ಮರತೀರೇನು?"

ನಾನೂ ಅವರ ಪರವೇ ಮಾತಾಡಿದೆ. ಶಾಹೀನ್ ನಮ್ಮಿಬ್ಬರ ಮುಖ ನೋಡಿ, "ಹಂಗಾರ ಒಮ್ಮೆ ವ್ಯಾಪಾರಸ್ಥರನ್ನ ಕೂಡಿಸಿ ಪ್ರಯೋಗ ಮಾಡಿ ನೋಡೂಣ್ರಿ" ಎಂದಳು. ಅದು ನ್ಯಾಯವಾದ ಮಾತು. ಪಿಎಚ್‌ಪಿಯಲ್ಲೇ ಬರೆದು, ಯಾರ್ಡಿನ ಸಭಾಂಗಣದಲ್ಲಿ ಎಲ್ಲ ಖರೀದಿದಾರರನ್ನೂ ಕೂಡಿಸಿದೆವು. ಸುಳ್ಳು ರಾಶಿಗಳು, ಸುಳ್ಳು ನಂಬರುಗಳು, ಗಂಟೆ ಮಾತ್ರ ನಿಜದ್ದು.

ನಮ್ಮ ಭಾಗದ ವ್ಯಾಪಾರಸ್ಥರನ್ನು ಬಲ್ಲವರಿಗೆ ಮುಂದೆ ನಡೆದದ್ದು ಆಶ್ಚರ್ಯವೆನಿಸಲಿಕ್ಕಿಲ್ಲ. ಫೋನು ಕೈಯಲ್ಲಿ ಹಿಡಿದರು, ಹಾಕಲಿಲ್ಲ. ಮೊದಲು ಯಾರು ಎಂಬ ಉಪಚಾರ ಶುರುವಾಯಿತು. "ಸಾವಕಾರ್ರ, ಮೊದಲ ನೀವು ಹಾಕ್ರಿ." "ಏ, ಇರ್ಲಿ ಬಿಡ್ರಿ, ನೀವ ಹಾಕ್ರಿ." ಕಡೆಗೆ ಎಲ್ಲರಿಗಿಂತ ಹಿರಿಯರಾದ ಶಿವಯೋಗೆಪ್ಪ ಸಾವಕಾರರು ವಿಭೂತಿಯ ಹಣೆ ಒರೆಸಿಕೊಂಡು, ಕನ್ನಡಕ ಏರಿಸಿ, ಒಂದು ಬೆರಳಿನಿಂದ ಒತ್ತಿದರು. ಅವರದಾಯಿತು ಎಂದಮೇಲೆ ಅವರಿಗಿಂತ ಸಣ್ಣವರು, ಆಮೇಲೆ ಅವರಿಗಿಂತ ಸಣ್ಣವರು. ಮದುವೆಯ ಊಟದ ಪಂಕ್ತಿಯಂತೆ ಸರತಿಯಲ್ಲಿ ಎಲ್ಲ ನಡೆಯಿತು. ಪ್ರೋಗ್ರಾಮು ಒಂದು ಕ್ಷಣವೂ ತಡವರಿಸಲಿಲ್ಲ. ಪೇಡೆ ಹಂಚಿದರು. ದೇಸಾಯಿ ಸರ್ ಶಾಹೀನಳ ಕಡೆ ತಿರುಗಿ "ನೋಡಿದೆಲ್ಲಾ?" ಎಂದರು. ಅವಳು ಪೇಡೆಯನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು, ತಿನ್ನಲಿಲ್ಲ.

ನಿಜದ ಟೆಂಡರಿನ ದಿನ ನಾನೂ ಶಾಹೀನಳೂ ಯಾರ್ಡಿನ ಆಫೀಸಿನಲ್ಲಿ ಕೂತಿದ್ದೆವು. ಶೆಡ್ಡುಗಳು ಬೆಳಗ್ಗೆಯೇ ತುಂಬಿದ್ದವು. ತಡವಾಗಿ ಬಂದವರು ಹೊರಗಿನ ಸಿಮೆಂಟ್ ಕಟ್ಟೆಯ ಮೇಲೆ ರಾಶಿ ಹಾಕಿದ್ದರು. ಅವರಲ್ಲಿ ಕುಂದಗೋಳದ ಕಡೆಯ ಕಲ್ಲವ್ವ ಎಂಬವರೊಬ್ಬರು. ಅವರ ಕಾಯಿ ಸುಕ್ಕುಸುಕ್ಕಾಗಿ, ಕಡುಗೆಂಪಾಗಿ, ನೋಡಿದರೆ ಕಣ್ಣು ತುಂಬುವಂತಿತ್ತು. ಖರೀದಿದಾರರು ಒಮ್ಮೆ ನೋಡಿ ಮುಂದೆ ಹೋದವರು ತಿರುಗಿ ಅಲ್ಲಿಗೇ ಬರುತ್ತಿದ್ದರು. ಕಲ್ಲವ್ವ ರಾಶಿಯ ಪಕ್ಕ ಕೂತು ಯಾರು ಎಷ್ಟು ಕಾಯಿ ಮುರಿದರು ಎಂದು ಕಣ್ಣಿಟ್ಟು ಕಾಯುತ್ತಿದ್ದರು. "ನೋಡಾಕ ಒಂದ ಸಾಕ್ರಿ, ಚಟ್ನಿಗೆ ಒಯ್ಯಾಕತ್ತೀರೇನು?" ಎಂದು ಒಬ್ಬನ ಮುಷ್ಟಿಯನ್ನು ಬಿಡಿಸಿಯೂ ಬಿಟ್ಟರು.

ಬೆಳಗಿನಿಂದ ಪರದೆಯ ಮೇಲೆ ಒಂದು ದರವೂ ಬೀಳಲಿಲ್ಲ. ನಾನು ಗಾಬರಿಯಾದೆ. ಇಂಟರ್ನೆಟ್ ಹೋಯಿತೇ ಎಂದು ನೋಡಿದೆ, ಇತ್ತು. ಹೊರಗೆ ಹೋಗಿ ನೋಡಿದರೆ ಎಲ್ಲರೂ ಫೋನು ಜೇಬಿನಲ್ಲಿಟ್ಟುಕೊಂಡು ಆಕಾಶ ನೋಡುತ್ತ ಅಡ್ಡಾಡುತ್ತಿದ್ದಾರೆ. ಆಕಾಶದಲ್ಲಿ ನೋಡುವಂಥದ್ದು ಇತ್ತು. ಅಕಾಲದ ಮೋಡ ಗದಗಿನ ಕಡೆಯಿಂದ ಏರಿ ಬರುತ್ತಿತ್ತು. ಗಾಳಿಗೆ ಕಾಯಿಯ ಘಾಟು ಎದ್ದು ಎಲ್ಲರೂ ಸೀನುತ್ತಿದ್ದರು.

ಗಂಟೆಯಾಗಲು ಇನ್ನು ಸ್ವಲ್ಪವೇ ಹೊತ್ತು ಇದೆ ಎನ್ನುವಾಗ ಎಲ್ಲರೂ ಒಂದೊಂದು ಮೂಲೆ ಹಿಡಿದರು. ಒಬ್ಬರು ಕಂಬದ ಹಿಂದೆ, ಒಬ್ಬರು ಕಾರಿನೊಳಗೆ, ಇನ್ನೊಬ್ಬರು ಗೋಡೆಗೆ ಮುಖ ಮಾಡಿ. ಆಮೇಲೆ, ಕಡೆಯ ಗಳಿಗೆಯಲ್ಲಿ, ಎಲ್ಲರ ಬೆರಳೂ ಒಟ್ಟಿಗೆ ಬಿದ್ದವು. ಎಲ್ಲ ರಾಶಿಗಳ ಎಲ್ಲ ದರಗಳು ಒಮ್ಮೆಲೇ ನಮ್ಮ ಬಾಗಿಲಿಗೆ ಬಂದವು. ಪರದೆ ನಿಂತೇಬಿಟ್ಟಿತು. ಯಾರ ಫೋನಿನಲ್ಲೂ ಬಿಳಿ ಚಕ್ರ ತಿರುಗುವುದು ಬಿಟ್ಟರೆ ಬೇರೇನೂ ಇಲ್ಲ. ಗಂಟೆ ಹೊಡೆಯಬೇಕಾದವನು ಕೋಲು ಎತ್ತಿಕೊಂಡು ನನ್ನ ಮುಖ ನೋಡುತ್ತ ನಿಂತ.

ಶಾಹೀನ್ ಕೀಲಿಮಣೆಯ ಮೇಲೆ ಬಗ್ಗಿ ಕೂತಳು. "ಮತ್ತ ಶುರು ಮಾಡತೇನ್ರಿ ಮೇಡಂ. ಆದ್ರ ಎಲ್ಲಾರೂ ಮತ್ತ ಒಮ್ಮೆಲೇ ಬಂದ್ರ ಇದ ಆಗತೈತಿ. ಒಬ್ಬೊಬ್ಬರ ಹಾಕಿದ್ರ ನಡೀತೈತಿ."

ನಾನು ಓಡಿದೆ. ಐವತ್ತು ದಾಟಿದ ಮೇಲೆ ನಾನು ಹಾಗೆ ಓಡಿದ್ದು ಅದೊಂದೇ ಸಲ. ಶಿವಯೋಗೆಪ್ಪ ಸಾವಕಾರರು ಕಂಬದ ಹಿಂದೆ ಇದ್ದರು.

"ಸಾವಕಾರ್ರ, ಅವತ್ತಿನಂಗ ನೀವು ಮೊದಲ ಹಾಕಿಬಿಡ್ರಿ. ನಿಮ್ಮ ಹಿಂದ ಒಬ್ಬೊಬ್ಬರ ಹಾಕ್ತಾರ. ಮಳಿ ಬರಾಕತ್ತೈತ್ರಿ."

ಅವರು ಫೋನನ್ನು ಎದೆಗೆ ಒತ್ತಿಕೊಂಡರು. ಸಿಟ್ಟಿಲ್ಲದೆ, ತಿಳಿಸಿ ಹೇಳುವವರಂತೆ ಹೇಳಿದರು. "ತಂಗಿ, ಅವತ್ತು ಆಡಿದ್ದು ಪ್ರಯೋಗ. ಇವತ್ತು ಬ್ಯಾಪಾರ. ಬ್ಯಾಪಾರದಾಗ ಮೊದಲ ಕೈ ಯಾವನೂ ತೋರಸೂದಿಲ್ಲವಾ. ನಮ್ಮಪ್ಪನೂ ಚೀಟಿ ಹಾಕ್ತಿದ್ದದ್ದು ಗಂಟಿ ಹೊಡಿಯೂ ಮುಂದ."

ಚೀಟಿಯ ಕಾಲದಲ್ಲೂ ಹಾಗೆಯೇ ಇತ್ತು. ಡಬ್ಬಿಯ ಮುಂದೆ ಕಡೆಯ ಗಳಿಗೆಯಲ್ಲೇ ನೂಕುನುಗ್ಗಲು. ಡಬ್ಬಿಗೆ ಅದರಿಂದ ಏನೂ ಆಗುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ನಾವು ಯಾರೂ ಒಂದು ದಿನ ಬಂದು ನಿಜದ ಟೆಂಡರ್ ನೋಡಿರಲಿಲ್ಲ. ಸಭಾಂಗಣದ ಉಪಚಾರ ನೋಡಿ ಭಾಷೆ ಆರಿಸಿದ್ದೆವು.

ಕಡೆಗೆ ಹಳೆಯ ಡಬ್ಬಿಯನ್ನೇ ಹುಡುಕಿ ತಂದರು. ಚೀಟಿಗೆ ಕಾಗದ ಹರಿಯುವಷ್ಟರಲ್ಲಿ ಮೊದಲ ಹನಿಗಳು ಬಿದ್ದವು. ತಾಡಪತ್ರಿ ಹೊದಿಸಿದರು, ಆದರೆ ನೀರು ಕಟ್ಟೆಯ ಮೇಲೆ ಹರಿದು ಅಡಿಯಿಂದ ಹೊಕ್ಕಿತು. ಕಲ್ಲವ್ವ ರಾಶಿಯನ್ನು ಒಳಗೆ ಎಳೆಯಲು ಎದ್ದಾಗ ಯಾರ್ಡಿನ ಕಾವಲುಗಾರ ತಡೆದ. "ಫಲಿತಾಂಶ ಆಗೂ ತನಕಾ ಮುಟ್ಟಬಾರ್ದು." ಅವರು ಅವನನ್ನು ಬೈಯಲಿಲ್ಲ. ತಮ್ಮ ಸೀರೆಯ ಸೆರಗು ಬಿಚ್ಚಿ ತಾಡಪತ್ರಿ ಸಾಲದಿದ್ದ ಕಡೆ ಹರಡಿ, ಅದರ ಮೇಲೆ ಬಗ್ಗಿ ಕೂತರು. ಮಳೆ ಅವರ ಬೆನ್ನ ಮೇಲೆ ಸುರಿಯಿತು. ಡಬ್ಬಿ ತೆಗೆದಾಗ ಅವರ ರಾಶಿಯ ನಂಬರಿಗೆ ಒಂದು ಚೀಟಿಯೂ ಇರಲಿಲ್ಲ. ಬೆಳಗ್ಗೆ ತಿರುತಿರುಗಿ ಬಂದಿದ್ದವರೆಲ್ಲ ಈಗ ಆ ಕಡೆ ನೋಡಲೂ ಇಲ್ಲ. ತೊಯ್ದ ಕಾಯಿ ಕಪ್ಪಾಗುತ್ತದೆ, ಅದು ಅವರಿಗೂ ಗೊತ್ತು, ಕಲ್ಲವ್ವನಿಗೂ ಗೊತ್ತು. ನನಗೆ ಹೋಗಿ ಮಾತಾಡಿಸಲು ಧೈರ್ಯವಾಗಲಿಲ್ಲ.

ಮರುದಿನ ದೇಸಾಯಿ ಸರ್ ಇನ್ನೂ ದೊಡ್ಡ ಮಶೀನು ತರಿಸೋಣ ಎಂದರು. ನಾನು ಒಪ್ಪಲಿಲ್ಲ, ಜೀವನದಲ್ಲಿ ಮೊದಲ ಸಲ ಅವರ ಮುಂದೆ ದನಿ ಏರಿಸಿದೆ. ಶಾಹೀನಳನ್ನು ಕರೆದು ಕೇಳಿದೆ. ಅವಳು ಗೆದ್ದವಳಂತೆ ಆಡಲಿಲ್ಲ. "ಭಾಷಾದ್ದ ತಪ್ಪು ಅನ್ನಬ್ಯಾಡ್ರಿ ಮೇಡಂ. ಇದನ್ನ ಪಿಎಚ್‌ಪಿಯೊಳಗೂ ಮಾಡಬಹುದು, ಆದ್ರ ಎಲ್ಲಾ ನಾವ ಕಟ್ಟಬೇಕು. ಅರ್ಲ್ಯಾಂಗಿನಾಗ ಅದು ಹುಟ್ಟಾ ಐತಿ." ಭಾಷೆ ಒಂಟಿಯಾಗಿ ಬರುವುದಿಲ್ಲ, ಸೊಸೆಯ ಸಂಗಡ ತವರಿನ ಬಳಗವೆಲ್ಲ ಬಂದಂತೆ ತನ್ನ ರೂಢಿಗಳನ್ನೂ ಕರೆದುಕೊಂಡು ಬರುತ್ತದೆ. ಅದು ನನಗೆ ಅಂದು ತಿಳಿಯಿತು.

ನಾವು ಇಡೀ ಪ್ರೋಗ್ರಾಮ್ ಕೆಡವಲಿಲ್ಲ. ರೈತರ ಹೆಸರು, ರಾಶಿಯ ನಂಬರು, ತೂಕ, ಎಲ್ಲ ಹಳೆಯದರಲ್ಲೇ ಉಳಿಯಿತು. ದರ ಬಂದು ಬೀಳುವ ಬಾಗಿಲು ಮಾತ್ರ ಅರ್ಲ್ಯಾಂಗ್. ನಾನು ಒಂದು ಷರತ್ತು ಹಾಕಿದೆ. "ನೀ ಬರದದ್ದನ್ನ ನಾ ಓದಬೇಕು, ಕೆಡಸಬೇಕು, ಕೆಡಸಿದ್ದನ್ನ ನಾನ ರಿಪೇರಿ ಮಾಡಬೇಕು. ಅಲ್ಲೀತನಕಾ ಯಾರ್ಡಿಗೆ ಒಯ್ಯೂಹಂಗಿಲ್ಲ."

ಆ ವಯಸ್ಸಿನಲ್ಲಿ ಅದನ್ನು ಕಲಿಯುವುದು ನನಗೆ ಸುಲಭವಾಗಿರಲಿಲ್ಲ. ಅದರಲ್ಲಿ ಬರೆಯುವಾಗ ಒಂದು ಹೆಸರಿಗೆ ಒಮ್ಮೆ ಒಂದು ಅಂಕಿ ಕೊಟ್ಟರೆ ಮುಗಿಯಿತು, ಆಮೇಲೆ ತಿದ್ದುವಂತಿಲ್ಲ. ವೃತ್ತಿಯುದ್ದಕ್ಕೂ ತಿದ್ದಿಕೊಂಡೇ ಬದುಕಿದವಳು ನಾನು. ಬಸ್ಸಿನಲ್ಲಿ ನವಲೂರು ದಾಟುವವರೆಗೂ ಅದರದೇ ಪಾಠ ಓದಿ, ಇಳಿಯುವ ಹೊತ್ತಿಗೆ ಮರೆಯುತ್ತಿದ್ದೆ. ಶಾಹೀನ್ ಬೇಸರಿಸದೆ ಮತ್ತೆ ಹೇಳುತ್ತಿದ್ದಳು. ಒಂದು ದಿನ ನಾನು ಕೆಡಿಸಿದ್ದನ್ನು ನಾನೇ ಸರಿಪಡಿಸಿದಾಗ, ಅವಳು ಅಂಗಡಿಗೆ ಹೋಗಿ ಚುರುಮುರಿಯ ಗಿರ್ಮಿಟ್ ಕಟ್ಟಿಸಿಕೊಂಡು ಬಂದಳು.

ಮತ್ತೆ ಪ್ರಯೋಗದ ದಿನ. ಯಾರ್ಡಿನಲ್ಲಿ ಅಷ್ಟರವರೆಗೂ ಚೀಟಿಯೇ ನಡೆದಿತ್ತು. ಚೀಟಿಯ ಟೆಂಡರಿಗೆ ಮೊದಲು ಎಲ್ಲರನ್ನೂ ಸಭಾಂಗಣಕ್ಕೆ ಕರೆದೆವು. "ಇವತ್ತು ಎಲ್ಲಾರೂ ಕೂಡೇ ಹಾಕ್ರಿ, ದಯಮಾಡಿ" ಎಂದು ನಾನು ಕೈಮುಗಿದೆ. ಎಲ್ಲರೂ ತಲೆಯಾಡಿಸಿದರು. ಆಮೇಲೆ ಒಬ್ಬರು ಶಿವಯೋಗೆಪ್ಪನವರ ಕಡೆ ತಿರುಗಿ, "ಸಾವಕಾರ್ರ, ಹಂಗಾರ ನೀವು ಶುರು ಮಾಡ್ರಿ" ಎಂದರು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಸುಳ್ಳು ರಾಶಿಯ ಮುಂದೆ ನಮ್ಮವರಿಂದ ಮರ್ಯಾದೆ ಬಿಡಿಸುವುದು ಯಾರಿಂದಲೂ ಆಗದ ಕೆಲಸ. ನಿಜದ ರಾಶಿ ಬೇಕು. ಆದರೆ ಒಮ್ಮೆ ಮಳೆಯಲ್ಲಿ ನಿಲ್ಲಿಸಿದ ಪ್ರೋಗ್ರಾಮಿನ ಮುಂದೆ ತಮ್ಮ ಮಾಲು ಇಡುವವರು ಯಾರು? ಕೇಳಿದೆ. ಬಾಗಿಲಲ್ಲಿ ನಿಂತಿದ್ದ ರೈತರು ಒಬ್ಬರ ಮುಖ ಒಬ್ಬರು ನೋಡಿದರು.

"ನಂದು ಇಡ್ರಿ."

ಕಲ್ಲವ್ವ. ಎರಡನೆಯ ಸಲ ಬಿಡಿಸಿದ ಕಾಯಿ ತಂದಿದ್ದರು. ಮೊದಲಿನದರಷ್ಟೇ ಕೆಂಪು, ಮೊದಲಿಗಿಂತ ಕಡಿಮೆ. ಸದ್ಯಕ್ಕೆ ಅವರ ಕೈಯಲ್ಲಿ ಮಾರಲು ಇರುವುದು ಅಷ್ಟೇ ಎಂದು ಪಕ್ಕದವರು ಪಿಸುಗುಟ್ಟಿದರು. ದೇಸಾಯಿ ಸರ್ ಬೇಡ ಎಂದು ನನ್ನ ತೋಳು ಜಗ್ಗಿದರು.

"ಆಟಾ ಆಡಕೋತ ಕುಂತ್ರ ನನ್ನ ಕಾಯಿ ಇನ್ನೊಮ್ಮೆ ತೊಯ್ತಾವ" ಎಂದರು ಕಲ್ಲವ್ವ. "ಆದ್ರ ಕೇಳ್ರಿಲ್ಲೆ. ಈ ಸಲ ರಾಶಿ ಶೆಡ್ಡಿನ ಒಳಗ ಹಾಕತೇನಿ. ನಿಮ್ಮ ಮಶೀನು ನಿಂತ್ರ ಚೀಟಿಯೊಳಗ ಮೊದಲನೇ ನಂಬರ ನಂದು. ಆಮ್ಯಾಲೆ ಯಾರಿಗೂ ಬ್ಯಾಡಾದ ಮಾಲು ಆಗಬಾರ್ದು."

ಯಾರ್ಡಿನವರು ಒಪ್ಪಿದರು. ಕಲ್ಲವ್ವ ರಾಶಿ ಸುರಿದರು. ಖರೀದಿದಾರರು ಹೋದರು, ಮುರಿದರು, ಮೂಸಿದರು, ಸುಮ್ಮನೆ ತಿರುಗಿ ಬಂದರು. ಆಮೇಲೆ ನಾನು ಕಾಯುತ್ತಿದ್ದದ್ದು ಆಗತೊಡಗಿತು. ಮಾತು ನಿಂತಿತು. ಒಬ್ಬೊಬ್ಬರೇ ಮೂಲೆ ಹಿಡಿದರು. ಶಿವಯೋಗೆಪ್ಪ ಸಾವಕಾರರು ತಮ್ಮ ಖಾಸಾ ಬೀಗರಿಗೆ ಬೆನ್ನು ಮಾಡಿ ನಿಂತು, ಹೆಗಲ ಮೇಲಿನ ಟವೆಲನ್ನು ಫೋನಿನ ಮೇಲೆ ಹೊದ್ದುಕೊಂಡರು.

ಪರದೆ ಖಾಲಿ. ಶಾಹೀನಳ ಕೈ ನನ್ನ ಕೈಯನ್ನು ಹಿಡಿದಿತ್ತು, ಯಾವಾಗ ಹಿಡಿದಳೋ ಗೊತ್ತಾಗಲಿಲ್ಲ. ಕಲ್ಲವ್ವ ನಮ್ಮ ಹಿಂದೆ ಬಂದು ನಿಂತಿದ್ದರು. ಅವರ ಸೀರೆಯಿಂದ ಮೆಣಸಿನಕಾಯಿಯ ಘಾಟು ಬರುತ್ತಿತ್ತು. ಗಂಟೆಯವನು ಕೋಲು ಎತ್ತಿದ. ಇನ್ನೂ ಖಾಲಿ. ಆಮೇಲೆ, ಎಷ್ಟು ದರ ಬಂದವು ಎಂಬ ಅಂಕಿ ಒಮ್ಮೆಲೇ ಏರಿತು, ನಿಂತಂತಾಯಿತು, ಮತ್ತೆ ಏರಿತು. ಒಬ್ಬೊಬ್ಬರ ಫೋನಿನಲ್ಲೂ ದರ ಮುಟ್ಟಿತು ಎಂಬ ಸಣ್ಣ ಸದ್ದು, ಹೆಂಚಿನ ಮೇಲೆ ಸಾಸಿವೆ ಸಿಡಿದಂತೆ, ಸಭಾಂಗಣದ ತುಂಬ ಕೇಳಿಸಿತು. ಗಂಟೆ ಹೊಡೆಯಿತು. ಪರದೆಯ ಮೇಲೆ ಕಲ್ಲವ್ವನ ರಾಶಿಯ ನಂಬರು ಬಂತು, ಅದರ ಮುಂದೆ ಎಲ್ಲರಿಗಿಂತ ಹೆಚ್ಚಿನ ದರ ಹಾಕಿದವರ ಹೆಸರು ಬಂತು.

"ಆತೇನ್ರಿ?" ಎಂದರು ಕಲ್ಲವ್ವ.

"ಆತ್ರಿ" ಎಂದೆ.

ಅವರು ಸಾವಕಾರರ ಕಡೆ ನೋಡಿದರು. "ಆಗಳೆ ನೀವು ನೀವು ಅಂತಿದ್ರಿ. ಈಗ ಬೀಗರ ಮಾರೀನೂ ನೋಡಲಿಲ್ಲಲ್ರೀ." ಎಲ್ಲರೂ ನಕ್ಕರು, ಸಾವಕಾರರೂ ನಕ್ಕರು. ಉಳಿದ ರೈತರು ತಮ್ಮ ರಾಶಿಗಳನ್ನೂ ಮಶೀನಿಗೇ ಹಾಕಿರೆಂದು ಆಫೀಸಿನ ಮುಂದೆ ಗುಂಪುಗೂಡಿದರು. ಆ ಎಲ್ಲ ರಾಶಿಗಳ ದರ ಒಟ್ಟಿಗೆ ಬಂದಾಗಲೂ ಪರದೆ ನಿಲ್ಲಲಿಲ್ಲ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಮಾಳಿಗೆಯ ಹುಡುಗರಿಗೆ ನಾನು ಕೊಡಬೇಕಾದ ಉತ್ತರ ಇದರ ಮುಂದೆ ಇದೆ. ಕಲ್ಲವ್ವ ಚೀಲ ತುಂಬಿಸಿ ತಾವೇ ಬಾಯಿ ಹೊಲಿಯುತ್ತ ಕೂತಿದ್ದರು. ನಾನೂ ಶಾಹೀನಳೂ ಅವರಿಗೆ ಚಹಾ ಕೊಡಲು ಹೋದೆವು. ದಬ್ಬಣ ನಿಲ್ಲಿಸಿ ಶಾಹೀನಳನ್ನು ಕೇಳಿದರು.

"ಇದನ್ನ ಮಾಡಿದಾಕಿ ನೀನೇನವಾ? ನೀ ಇಲ್ಲದಾಗ ಕೆಟ್ಟರ?"

"ಮೇಡಂಗೂ ಬರತೈತ್ರಿ" ಎಂದಳು ಶಾಹೀನ್.

ಕಲ್ಲವ್ವ ನನ್ನ ಬಿಳಿ ಕೂದಲನ್ನು ಒಮ್ಮೆ ನೋಡಿದರು. ಮುಚ್ಚಿಡದೆ ನೋಡಿದರು.

"ಇವರ ಹಿಂದಿಂದ ಯಾರಿಗಿ ಬರತೈತಿ?"

ನಾನು ಚಹಾದ ಲೋಟವನ್ನು ಅವರ ಕೈಗೆ ಕೊಟ್ಟೆ. "ಇನ್ನಿಬ್ಬರಿಗೆ ಕಲಸತೇವ್ರಿ. ಈ ಸೀಜನ್ ಮುಗೀಲಿ" ಎಂದೆ.

ಅವರು ಚಹಾ ಕುಡಿದು ಮುಗಿಸಿ, ಲೋಟ ಪಕ್ಕಕ್ಕಿಟ್ಟು, ಮತ್ತೆ ದಬ್ಬಣ ಎತ್ತಿಕೊಂಡರು.

"ಸೀಜನ್ ಮುಗಿಯೂ ತನಕಾ ಯಾಕ? ನಾಳಿಂದ ಕಲಸ್ರಿ. ನಂದಿನ್ನೂ ಗಿಡದಾಗ ಕಾಯಿ ಅದಾವ."